ಯಾರೂ ಸತ್ತಿರದ ಹೆಸರು

ಶಹಾಪುರದ ಶಾಲೆಯಲ್ಲಿ ನಾನು ಒಂದನೇ ತರಗತಿಗೆ ಪಾಠ ಮಾಡುತ್ತಿದ್ದ ಕಾಲದಲ್ಲಿ, ಹೊಸ ಮಕ್ಕಳ ಹೆಸರು ಕೇಳಿದ ಕೂಡಲೇ ಅವರು ಹುಟ್ಟಿದ ವರ್ಷ ಟಿವಿಯಲ್ಲಿ ಯಾವ ಧಾರಾವಾಹಿ ನಡೆಯುತ್ತಿತ್ತೆಂದು ನನಗೆ ತಿಳಿದುಬಿಡುತ್ತಿತ್ತು. ಒಂದೇ ಹೆಸರಿನ ಹುಡುಗಿಯರು ಬೆಂಚಿನ ತುಂಬ ಕೂತಿರುತ್ತಿದ್ದರು. ಹತ್ತಿ ಬಿಡಿಸಲು ಹೋಗುವ ತಾಯಂದಿರು ನಾಲಿಗೆ ಹೊರಳದ ಆ ಹೆಸರನ್ನು ತಡವರಿಸಿ ಹೇಳಿದರೆ ಜೊತೆಯ ಶಿಕ್ಷಕರು ಮುಸಿಮುಸಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಈಗ ನಿವೃತ್ತಳಾಗಿ ಯಾದಗಿರಿಯಲ್ಲಿದ್ದೇನೆ. ಮೊನ್ನೆ ನಮ್ಮ ಮಾಳಿಗೆ ಮೇಲಿನ ಮನೆಯ ಬಾಣಂತಿ, ಫೋನಿನಲ್ಲಿ ನೋಡುತ್ತಿರುವ ಯಾವುದೋ ಕಥೆಯ ನಾಯಕಿಯ ಹೆಸರನ್ನು ಮಗಳಿಗೆ ಇಡಬೇಕೆಂದು ಹೇಳಿ, "ಹ್ಯಾಂಗದರಿ ಟೀಚರ್?" ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಆಮೇಲೆ ಆ ಕಥೆ ಮುಗಿದಿದೆಯೋ ಇನ್ನೂ ನಡೆಯುತ್ತಿದೆಯೋ ಎಂದು ಕೇಳಿದೆ. ಯಾಕೆ ಕೇಳಿದೆನೆಂದು ಅವಳಿಗೆ ಹೇಳಲಿಲ್ಲ. ಅದನ್ನು ಹೇಳಬೇಕಾದರೆ ನಾರಾಯಣಪುರದ ನಮ್ಮ ಮನೆಯಿಂದ ಶುರುಮಾಡಬೇಕು.

ಅಪ್ಪನಿಗೆ ಅಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ. ಡ್ಯಾಮಿನ ಕೆಳಗಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮಗೊಂದು ಮನೆ ಕೊಟ್ಟಿದ್ದರು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಮೇಲೆ ಸಿಮೆಂಟಿನ ಶೀಟು. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಕೂರಲಾಗುತ್ತಿರಲಿಲ್ಲ, ಎಲ್ಲರೂ ಗೋಣಿಚೀಲಕ್ಕೆ ನೀರು ಚಿಮುಕಿಸಿ ಬಾಗಿಲಿಗೆ ಇಳಿಬಿಡುತ್ತಿದ್ದರು. ಎರಡು ಕೋಣೆಗಳ ನಡುವಿನ ತೊಲೆಗೆ ಕಬ್ಬಿಣದ ಕೊಂಡಿಯೊಂದಿತ್ತು. ನನ್ನ ನಂತರ ಹುಟ್ಟಿದ ಇಬ್ಬರು ತಮ್ಮಂದಿರ ತೊಟ್ಟಿಲು ಆ ಕೊಂಡಿಯಲ್ಲೇ ತೂಗಿ, ಎರಡು ಸಲವೂ ಕೆಳಗಿಳಿದಿತ್ತು. ಮೊದಲನೆಯವನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತೀರಿಹೋದ ದೊಡ್ಡಪ್ಪನ ಹೆಸರು. ಇಬ್ಬರೂ ಅಂಬೆಗಾಲಿಡುವ ಮೊದಲೇ ಹೋದರು. ಎರಡನೆಯವನು ಹೋದ ಮೇಲೆ ಅವ್ವ ಮಾತು ಬಿಟ್ಟಳು. ರೊಟ್ಟಿ ಬಡಿಯುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು, ಎಲ್ಲ ಬಾಯಿ ಮುಚ್ಚಿಕೊಂಡೇ. ಬಾಚಣಿಗೆ ಜಗ್ಗಿ ನೋವಾದರೆ ನಾನೂ ಸುಮ್ಮನಿರುತ್ತಿದ್ದೆ.

ಅವಳ ಬಾಯಿ ಬಿಡಿಸಿದ್ದು ಒಂದು ವಾರಪತ್ರಿಕೆ. ನಮ್ಮ ಸಾಲಿನ ಕೊನೆಯ ದೊಡ್ಡ ಮನೆಯಲ್ಲಿ ಓವರ್ಸೀಯರರ ಹೆಂಡತಿ ಸುಮಿತ್ರಾಬಾಯಿ ಇದ್ದರು. ಧಾರವಾಡದ ಕಡೆಯವರು, ಮಕ್ಕಳಿರಲಿಲ್ಲ. ಅವರಿಗೆ ಪ್ರತಿ ವಾರ ಬಸ್ಸಿನಲ್ಲಿ ಪತ್ರಿಕೆ ಬರುತ್ತಿತ್ತು. ಓದಿ ಮುಗಿಸಿದ್ದನ್ನು ಡಬ್ಬಿಗಳ ಕೆಳಗೆ ಹಾಸಲೆಂದು ಅವ್ವನಿಗೆ ಕೊಟ್ಟರು. ನಾನು ಆಗ ನಾಲ್ಕನೆಯ ತರಗತಿ. ಒಲೆಯ ಮುಂದೆ ಕೂತು ಅದರಲ್ಲಿದ್ದ ಧಾರಾವಾಹಿಯ ಕಂತೊಂದನ್ನು ಗಟ್ಟಿಯಾಗಿ ಓದತೊಡಗಿದೆ. ಅವ್ವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಆದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಸುಸ್ತಾಗುತ್ತಿದ್ದಳು. ನಾನು ಓದುತ್ತ ಹೋದಂತೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ತಲೆ ಎತ್ತಿದಾಗ ಅವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. "ಮುಂದ?" ಎಂದಳು. ಅಷ್ಟು ದಿನಗಳ ನಂತರ ಅವಳಾಗಿ ಆಡಿದ ಮೊದಲ ಮಾತು ಅದು. ಆ ವಾರದಿಂದ ನಾನು ಮನೆಯಲ್ಲಿ ಕಥೆ ಓದುವವಳಾದೆ. ಮಾತು ನುಂಗದೆ, ಎಲ್ಲಿ ಉಸಿರು ಬಿಡಬೇಕೋ ಅಲ್ಲಿ ಬಿಟ್ಟು ಓದುವುದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ಒಲೆಯ ಮುಂದೆ.

ಕಥೆಯ ನಾಯಕಿಯ ಹೆಸರು ವಿಭಾವರಿ. ತಂದೆಯಿಲ್ಲದ ಹುಡುಗಿ, ನದಿ ದಂಡೆಯ ಊರಿನವಳು, ಹೊಲಿಗೆ ಹೊಲಿದು ಓದಿದವಳು. ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾರೆ, ಕಳ್ಳತನದ ಆರೋಪ ಹೊರಿಸುತ್ತಾರೆ, ಜ್ವರ ಬಂದು ಮಲಗುತ್ತಾಳೆ, ಏಳುತ್ತಾಳೆ. ಪ್ರತಿ ವಾರ ಅವಳಿಗೆ ಏನಾದರೊಂದು ಆಗುತ್ತಿತ್ತು, ಪ್ರತಿ ವಾರ ಅವಳು ಪಾರಾಗುತ್ತಿದ್ದಳು. ಅವ್ವನಿಗೆ ಬೇಕಾಗಿದ್ದದ್ದು ಆ ಪಾರಾಗುವುದೇ. ಅಷ್ಟರಲ್ಲಿ ಅವ್ವ ಮತ್ತೆ ಬಸುರಾಗಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಥೆ ಕೇಳುತ್ತಿದ್ದಳು.

ಹೆರಿಗೆಗೆ ಮುದನಾಳದಿಂದ ಆಯಿ ಬಂದಳು, ನನ್ನ ಅಪ್ಪನ ತಾಯಿ. ಹೆಣ್ಣು ಹುಟ್ಟಿತು. ಆಯಿ ಕೂಸಿನ ಮೈಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿಯುವಾಗಲೇ ಹೆಸರನ್ನು ತೀರ್ಮಾನ ಮಾಡಿಬಿಟ್ಟಿದ್ದಳು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಾಡಿಸಿ, ಯಾರಿಗೂ ಬೇಡವಾದ ಹೆಸರಿಡುವುದು ನಮ್ಮ ಕಡೆಯ ರೂಢಿ. ಬೇಡವಾದದ್ದನ್ನು ಸಾವೂ ಮುಟ್ಟುವುದಿಲ್ಲವೆಂದು ನಂಬಿಕೆ. ಅವತ್ತು ಪಕ್ಕದ ಮನೆಯ ಖಾಜಾಬೀ ಕೂಸು ನೋಡಲು ಬಂದು ಅಡುಗೆಮನೆಯಲ್ಲೇ ಕೂತಿದ್ದಳು.

"ತಿಪ್ಪವ್ವ ಅಂತ ಕರಿಯೋಣ," ಎಂದಳು ಆಯಿ.

"ಬ್ಯಾಡ್ರಿ ಅತ್ತಿ," ಎಂದಳು ಅವ್ವ. "ನಾ ಹೆಸರ ಆರಿಸೀನಿ. ವಿಭಾವರಿ."

"ಏನಂದಿ?"

"ವಿಭಾವರಿ, ಅತ್ತಿ."

"ಇಬಾವರಿ," ಎಂದು ಆಯಿ ಹೇಳಿ ನೋಡಿದಳು.

ಖಾಜಾಬೀ ನಗು ತಡೆಯಲಾರದೆ ಅವ್ವನ ಕಡೆ ತಿರುಗಿ, "ಬಾವರಿ ಅಂದ್ರ ನಮ್ಮ ಮಾತಿನ್ಯಾಗ ಹುಚ್ಚಿ ಅಂತ ನಾಗವ್ವ," ಎಂದಳು. ಆಯಿ ನಗಲಿಲ್ಲ.

"ನಮ್ಮ ಮನಿತನದಾಗ ಯಾರದದ ಆ ಹೆಸರ?"

"ಯಾರದೂ ಇಲ್ರಿ. ಅದಕ್ಕ ನನಗ ಬೇಕು. ಹಿರ್‍ಯಾರ ಹೆಸರ ಎರಡು ಸರ್ತಿ ಇಟ್ಟೆ. ಸತ್ತವರ ಹೆಸರ ಅವು, ತಮ್ಮ ಕಡಿ ಕರಕೊಂಡವು. ಈ ಹೆಸರ ಇಟಗೊಂಡು ಯಾರೂ ಸತ್ತಿಲ್ಲ."

ಆಯಿ ಅಪ್ಪನ ಮುಖ ನೋಡಿದಳು. ಅಪ್ಪ ತಾಯಿಯ ಮಾತನ್ನೂ ತೆಗೆದುಹಾಕಲಾರದವನು, ಹೆಂಡತಿಯ ಮುಖವನ್ನೂ ನೋಡಲಾರದವನು. "ಗೇಟಿನ ಕಡಿ ಹೋಗಿ ಬರ್ತೀನಿ," ಎಂದು ಸೈಕಲ್ ಹತ್ತಿದ. ಹೆಸರಿಡುವ ದಿನ ಗುಗ್ಗರಿ ಬೆಂದಿತು, ಹೋಳಿಗೆ ಆಯಿತು, ಕೊಂಡಿಗೆ ತೊಟ್ಟಿಲು ಮತ್ತೆ ಏರಿತು. ಸೋದರತ್ತೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಗುದ್ದು ಬೀಳುತ್ತಿದ್ದಂತೆ ಅವ್ವ ಎದ್ದು ನಿಂತು, "ವಿಭಾವರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆದರೆ ಸೋದರತ್ತೆ ಕಿವಿಯಲ್ಲಿ ಉಸುರಿದ್ದು ಆಯಿ ಹೇಳಿಕೊಟ್ಟ ತಿಪ್ಪವ್ವ ಎಂಬ ಹೆಸರನ್ನು. ತೊಟ್ಟಿಲ ಬಳಿ ನಿಂತಿದ್ದವರಿಗೆಲ್ಲ ಅದು ಕೇಳಿಸಿತು. ಅವತ್ತಿನ ಪಂಕ್ತಿಯಲ್ಲಿ ಆಯಿ, ಅವ್ವ ಇಬ್ಬರೂ ಉಣ್ಣಲಿಲ್ಲ. ಬಾಣಂತನ ಮುಗಿಸಿ ಮುದನಾಳಕ್ಕೆ ಹೊರಡುವವರೆಗೂ ಆಯಿ ಅವ್ವ ಇಟ್ಟ ಹೆಸರನ್ನು ಬಾಯಿಗೆ ತರಲಿಲ್ಲ, ತಾನು ಆರಿಸಿದ್ದನ್ನೂ ಕರೆಯಲಿಲ್ಲ. "ಏ ಕೂಸ" ಎನ್ನುತ್ತಿದ್ದಳು.

ನನ್ನ ತಂಗಿ ದುಂಡಗಿದ್ದಳು. ಕಾಲ ಹೆಬ್ಬೆರಳು ಬಾಯಿಗಿಟ್ಟುಕೊಂಡು ಸೀಪುತ್ತಿದ್ದಳು, ಅಪ್ಪನ ಸೈಕಲ್ ಅಂಗಳಕ್ಕೆ ಬಂದರೆ ಅದರ ಸದ್ದಿಗೇ ಕೇಕೆ ಹಾಕುತ್ತಿದ್ದಳು. ನಾವು ವಿಭಾ ಎಂದು ಕರೆದರೆ ಕತ್ತು ತಿರುಗಿಸುವುದನ್ನು ಬಹಳ ಬೇಗ ಕಲಿತಳು. ವಾರಕ್ಕೊಮ್ಮೆ ನಾನು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕಥೆ ಓದುತ್ತಿದ್ದೆ. ಓದಿನ ನಡುವೆ ಹೆಸರು ಬಂದಾಗ ಅವಳು ಕತ್ತೆತ್ತಿ ನನ್ನ ಬಾಯಿ ನೋಡುತ್ತಿದ್ದಳು. "ನೋಡು, ತನ್ನ ಕಥಿ ತಾನೇ ಕೇಳಾಕತ್ತಾಳ," ಎಂದು ಅವ್ವ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವ್ವ ನಕ್ಕ ಕಾಲ ಎಂದರೆ ಅದೇ. ಸುಮಿತ್ರಾಬಾಯಿ ಈಗ ಪತ್ರಿಕೆಯನ್ನು ತಾವು ಓದುವ ಮೊದಲೇ ನಮ್ಮ ಮನೆಗೆ ತರುತ್ತಿದ್ದರು. ಹೊಸ್ತಿಲ ಮೇಲೆ ಕೂತು, "ಎಲ್ಲಿ, ನಮ್ಮ ಕಥಿ ಹುಡುಗಿ ಎಲ್ಲಿ?" ಎಂದು ಕೂಸನ್ನು ಎತ್ತಿಕೊಳ್ಳುತ್ತಿದ್ದರು.

ಬಿಸಿಲು ಏರಿದ ದಿನಗಳಲ್ಲಿ ವಿಭಾಳಿಗೆ ವಾಂತಿ ಭೇದಿ ಶುರುವಾಯಿತು. ಕ್ವಾರ್ಟರ್ಸಿನ ದವಾಖಾನೆಯ ಔಷಧಿಗೆ ಒಂದು ದಿನ ನಿಂತು, ಮರುದಿನ ಮತ್ತೆ ಹಿಡಿಯಿತು. ಜ್ವರವೂ ಬಂತು. ಅವ್ವ ಒದ್ದೆ ಬಟ್ಟೆ ಹಾಕಿ ಹಾಕಿ ತೆಗೆಯುತ್ತಿದ್ದಳು. ಅವಳಿಗೆ ಇನ್ನೂ ಧೈರ್ಯವಿತ್ತು, ಯಾಕೆಂದರೆ ಕಥೆಯಲ್ಲೂ ವಿಭಾವರಿ ಜ್ವರದಿಂದ ಎದ್ದಿದ್ದಳು. ಆ ವಾರ ಪತ್ರಿಕೆ ಬಂದ ಬೆಳಿಗ್ಗೆ ಸುಮಿತ್ರಾಬಾಯಿ ಊರಲ್ಲಿರಲಿಲ್ಲ, ಅವರ ಮನೆಯ ಆಳು ತಂದುಕೊಟ್ಟ. ಅವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, "ಓದು," ಎಂದಳು. ನಾನು ಓದಿದೆ. ಕಥೆಯಲ್ಲಿ ಹೊಳೆಗೆ ಮಹಾಪೂರ ಬಂದಿತ್ತು. ವಿಭಾವರಿ ದಾಟುತ್ತಿದ್ದ ದೋಣಿ ಮಗುಚಿತು. ಮರುದಿನ ಜನ ದಂಡೆಯಲ್ಲಿ ಅವಳ ಸೀರೆಯನ್ನು ಗುರುತಿಸಿದರು. ಊರಿನ ಹೆಂಗಸರು ಅಳುತ್ತ ಮನೆಗೆ ಮರಳಿದರು.

"ಸೀರಿ ಸಿಕ್ತು ಅಂದ್ರ?" ಎಂದು ಕೇಳಿದಳು ಅವ್ವ.

"ಸತ್ತಾಳಂತವ್ವ."

"ಹಂಗಂತ ಬರದಾರೇನು?"

"ಬರದಾರ."

"ಇನ್ನೊಮ್ಮಿ ಓದು."

ಇನ್ನೊಮ್ಮೆ ಓದಿದೆ. ಅವ್ವ ಕೂಸಿನ ಮುಖವನ್ನೇ ನೋಡುತ್ತಿದ್ದಳು. ಕಣ್ಣುಗಳು ಗುಳಿಬಿದ್ದಿದ್ದವು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅವ್ವ ಎದ್ದು ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಹಿತ್ತಲಿಗೆ ನಡೆದಳು. ಕ್ವಾರ್ಟರ್ಸಿನವರೆಲ್ಲ ಕಸ, ಸಗಣಿ, ಒಲೆಯ ಬೂದಿ ಸುರಿಯುವ ತಿಪ್ಪೆ ಅಲ್ಲಿತ್ತು. ಅದರ ಮೇಲೆ ಮೊಣಕಾಲೂರಿ ಕೂಸನ್ನು ಮಲಗಿಸಿದಳು. ಈ ಕಡೆ ಒಂದು ಸಲ, ಆ ಕಡೆ ಒಂದು ಸಲ ಹೊರಳಿಸಿದಳು. ಅದಕ್ಕೆ ಅಳುವಷ್ಟು ಶಕ್ತಿಯೂ ಇರಲಿಲ್ಲ. "ತಿಪ್ಪವ್ವ," ಎಂದಳು ಅವ್ವ. "ನೀ ತಿಪ್ಪವ್ವ. ನೀ ನನಗ ಬ್ಯಾಡ. ಯಾರಿಗೂ ಬ್ಯಾಡ." ಹಾಗೆ ಹೇಳುತ್ತಲೇ ಅದನ್ನು ಎದೆಗೆ ಅಪ್ಪಿಕೊಂಡಿದ್ದಳು. ಅಪ್ಪನನ್ನು ಕರೆಯಲು ನನ್ನನ್ನು ಗೇಟಿಗೆ ಓಡಿಸಿದಳು.

ಅಪ್ಪ ಬಂದ ಕೂಡಲೇ ಹುಣಸಗಿ, ಸುರಪುರ, ಶಹಾಪುರ ದಾಟಿ ಯಾದಗಿರಿಗೆ ಹೋಗುವ ಬಸ್ಸು ಹತ್ತಿದೆವು. ಕಿಟಕಿಯಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ಅವ್ವ ಸೆರಗಿನ ತುದಿ ನೀರಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಿದ್ದಳು. ದಾರಿಯುದ್ದಕ್ಕೂ, "ತಿಪ್ಪವ್ವ, ಏ ತಿಪ್ಪವ್ವ, ಕಣ್ಣ ತಗಿ," ಎನ್ನುತ್ತಿದ್ದಳು. ಕೂಸಿಗೆ ಆ ಹೆಸರು ಗೊತ್ತಿರಲಿಲ್ಲ. ಕತ್ತು ತಿರುಗಿಸಲಿಲ್ಲ. ಸುರಪುರದ ನಿಲ್ದಾಣದಲ್ಲಿ ಬಸ್ಸು ನಿಂತಾಗ ನನಗೆ ತಡೆಯಲಾಗಲಿಲ್ಲ, ಬಾಗಿ, "ವಿಭಾ," ಎಂದೆ. ರೆಪ್ಪೆ ಅಲುಗಿತು. ಅವ್ವ ಕೂಡಲೇ ನನ್ನ ಬಾಯಿ ಒತ್ತಿ ಹಿಡಿದಳು.

"ಆ ಹೆಸರ ತಗೀಬ್ಯಾಡ. ಅಕಿ ಸತ್ತಾಳ."

ಅಪ್ಪ ನಮ್ಮಿಬ್ಬರನ್ನೂ ನೋಡಿದ. ಅವನಿಗೆ ಆ ವಾರದ ಕಥೆಯ ವಿಷಯ ಗೊತ್ತಿರಲಿಲ್ಲ. ಬೆಳಿಗ್ಗೆ ಏನಾಯಿತೆಂದು ನಾನು ಅಳುತ್ತ ಹೇಳಿದೆ. ಅವನು ತಲೆಯ ಟವೆಲ್ ಬಿಚ್ಚಿ ಬಿಸಿಲು ಬೀಳದ ಹಾಗೆ ಕಿಟಕಿಗೆ ಅಡ್ಡ ಹಿಡಿದುಕೊಂಡು ಕೂತ. ಯಾದಗಿರಿ ಬರುವವರೆಗೂ ಕೈ ಇಳಿಸಲಿಲ್ಲ.

ದೊಡ್ಡ ದವಾಖಾನೆಯಲ್ಲಿ ಚೀಟಿ ಬರೆಯುವವನು ಕೂಸಿನ ಹೆಸರು ಕೇಳಿದ. ಅಪ್ಪ ರೂಢಿಯ ಮೇಲೆ, "ವಿಭಾವರಿ," ಎಂದ.

"ಅಲ್ರಿ," ಎಂದಳು ಅವ್ವ. "ತಿಪ್ಪವ್ವ ಅಂತ ಬರಕೊಳ್ರಿ."

"ಯಾವುದರ ಒಂದು ಹೇಳ್ರಿ."

"ತಿಪ್ಪವ್ವ. ಅಕಿಗಿ ಬ್ಯಾರೆ ಹೆಸರಿಲ್ಲ."

ಡಾಕ್ಟರು ಬೇಗ ಬಂದರು. ಸಲಾಯಿನ್ ಹಾಕಲು ಆ ಪುಟ್ಟ ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲಿ ಹುಡುಕಿದರು, ಕೊನೆಗೆ ಹಣೆಯ ಪಕ್ಕದಲ್ಲಿ ಸಿಕ್ಕಿತು. ಕೂದಲು ಬೋಳಿಸಿದ ಆ ಜಾಗವನ್ನು ನೋಡಲಾರದೆ ನಾನು ಗೋಡೆಯ ಕಡೆ ತಿರುಗಿದೆ. ಮುದನಾಳ ಅಲ್ಲಿಗೆ ಹತ್ತಿರ. ಅಪ್ಪ ಪೇಟೆಗೆ ಬಂದಿದ್ದ ಊರವರ ಕೈಯಲ್ಲಿ ಹೇಳಿಕಳಿಸಿದ್ದ, ಮಧ್ಯಾಹ್ನ ಕಳೆದ ಮೇಲೆ ಆಯಿ ಬಂದಳು. ಅವ್ವ ಅವಳನ್ನು ಕಂಡದ್ದೇ ಎದ್ದು ಹೋಗಿ ಕಾಲು ಹಿಡಿದುಕೊಂಡಳು.

"ಅತ್ತಿ, ನಿಮ್ಮ ಮಾತ ನಾ ಕೇಳಲಿಲ್ಲ. ನೀವು ಅಂದ ಹೆಸರ ಇಟ್ಟೀನ್ರಿ. ನೀವೇ ಒಮ್ಮಿ ಕರೀರಿ. ನೀವು ಕರದ್ರ ಕೇಳತಾಳ."

ಆಯಿ ಮಂಚದ ಬಳಿ ಕೂತು ಕೂಸಿನ ಪಾದವನ್ನು ಮುಟ್ಟಿದಳು. "ತಿಪ್ಪವ್ವ," ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ ಹೊರಗೆ ಹೋಗಿ, ಎಲ್ಲಿಂದಲೋ ಒಂದು ಹಿಡಿ ತಿಪ್ಪೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಬೆರಳಿನಿಂದ ಎರಡೂ ಅಂಗಾಲಿಗೆ ಹಚ್ಚಿದಳು. ನರ್ಸಮ್ಮ ನೋಡಿ ಓಡಿಬಂದಳು.

"ಏನ ಮಾಡಾಕತ್ತೀರಿ ಆಯಿ? ಹೊಲಸು ಹಚ್ಚಬ್ಯಾಡ್ರಿ ಕೂಸಿಗಿ."

"ಹಚ್ಚೋದು ಹಚ್ಚೀನವ್ವ," ಎಂದಳು ಆಯಿ. "ನೀ ಒರಸಿಕೋ, ನಾ ಬ್ಯಾಡನ್ನಂಗಿಲ್ಲ."

ನರ್ಸಮ್ಮ ಒದ್ದೆ ಹತ್ತಿಯಿಂದ ಆ ಅಂಗಾಲುಗಳನ್ನು ಒರೆಸಿದಳು, ಮೆಲ್ಲಗೆ, ಬೆರಳ ಸಂದುಗಳನ್ನೂ ಬಿಡದೆ. ಅವಳು ಒರೆಸಿ ಮುಗಿಸಿ ಎದ್ದು ಹೋದ ಮೇಲೆ, ಬಿಸಿಲು ಕಿಟಕಿಯಿಂದ ಇಳಿಯುವ ಮೊದಲೇ ನನ್ನ ತಂಗಿ ಹೋದಳು. ಯಾವಾಗ ಹೋದಳೆಂದು ನಮಗೆ ತಿಳಿಯಲಿಲ್ಲ. ಅವ್ವ ಗಾಳಿ ಹಾಕುತ್ತಲೇ ಇದ್ದಳು. ಡಾಕ್ಟರು ಬಂದು ಅವಳ ಕೈಯಿಂದ ರಟ್ಟಿನ ತುಂಡನ್ನು ತೆಗೆದು ಪಕ್ಕಕ್ಕಿಟ್ಟರು.

ಮುದನಾಳದಲ್ಲಿ ನಮ್ಮ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದರು. ನಮ್ಮ ಕಡೆ ಹೆಂಗಸರು ಸತ್ತವರ ಹೆಸರು ಹಿಡಿದು ಹಾಡಿಕೊಂಡು ಅಳುತ್ತಾರೆ. ಗಂಡಸರು ಗುದ್ದಲಿ ತೊಳೆಯುತ್ತಿದ್ದರು. ಆಯಿ ನೆಲಕ್ಕೆ ಕೈಯೂರಿ ಕೂತು ಶುರುಮಾಡಿದಳು. ಯಾವ ಹೆಸರು ಬರುತ್ತದೋ ಎಂದು ನಾನು ಕಾಯುತ್ತಿದ್ದೆ.

"ನನ್ನ ಇಬಾವರೆವ್ವಾ, ನಿನ್ನವ್ವ ಇಟ್ಟ ಹೆಸರ ನಾ ಬಾಯಿ ತುಂಬ ಕರಿಯಲಿಲ್ಲ ನನ್ನವ್ವಾ..."

ದವಾಖಾನೆಯಿಂದ ಅಲ್ಲಿಯವರೆಗೆ ಅವ್ವ ಅತ್ತಿರಲಿಲ್ಲ. ಅವಳು ಎದ್ದು ಬಂದು, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಬಿದ್ದುಕೊಂಡಳು. ಆಯಿ ಅವಳ ಬೆನ್ನ ಮೇಲೆ ಕೈಯಾಡಿಸುತ್ತ, ನಾಲಿಗೆ ಹೊರಳದ ಆ ಹೆಸರನ್ನೇ ಕರೆದು ಕರೆದು ಅತ್ತಳು.

ನಾರಾಯಣಪುರಕ್ಕೆ ಮರಳಿದ ಮೇಲೆ ಅಪ್ಪ ತೊಟ್ಟಿಲನ್ನು ಬಿಚ್ಚಿ ಯಾರಿಗೋ ಕೊಟ್ಟುಬಂದ. ಹೋದ ಸಲ ಅವ್ವ ಮಾತು ಬಿಟ್ಟಿದ್ದಳು, ಈ ಸಲ ಹಾಗಾಗಲಿಲ್ಲ. ಒಬ್ಬಳೇ ಕೂತು ಲೆಕ್ಕ ಹಾಕುವವಳ ಹಾಗೆ ಏನೇನೋ ಆಡುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪನ ತಾಟಿಗೆ ಪುಂಡಿಪಲ್ಯ ಬಡಿಸುತ್ತ ಕೇಳಿದಳು:

"ಎರಡು ಹೆಸರ ಆಗಿದ್ದಕ್ಕ ಹೋದಳೇನು? ಯಾವುದಕ್ಕ ಓ ಅನಬೇಕು ತಿಳೀಲಿಲ್ಲೇನು ಅಕಿಗಿ?"

ಅಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದುಕೊಂಡ. ನನ್ನಲ್ಲಿ ಒಂದು ಉತ್ತರವಿತ್ತು: ಬಸ್ಸಿನಲ್ಲಿ ಅಲುಗಿದ ಆ ರೆಪ್ಪೆ. ಅದನ್ನು ಅವ್ವನೂ ನೋಡಿದ್ದಳು.

ಸುಮಿತ್ರಾಬಾಯಿ ಬಹಳ ದಿನ ನಮ್ಮ ಮನೆಯ ಕಡೆ ಬರಲಿಲ್ಲ. ನೀರಿನ ನಲ್ಲಿಯ ಹತ್ತಿರ ಅವ್ವನನ್ನು ಕಂಡರೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದರು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಬಂದು, ಒಳಗೂ ಬರದೆ ಹೊರಗೂ ಹೋಗದೆ ಬಾಗಿಲಲ್ಲಿ ನಿಂತರು. ಕೈಯಲ್ಲಿ ಪತ್ರಿಕೆ ಇತ್ತು.

"ನಾಗವ್ವ, ನಿನಗ ಹೇಳಬೇಕೋ ಬ್ಯಾಡೋ ತಿಳೀವಲ್ದು ನನಗ," ಎಂದರು. "ಬ್ಯಾರೆಯವರ ಬಾಯಿಂದ ನಿನಗ ಗೊತ್ತಾಗಬಾರದು ಅಂತ ಬಂದೆ. ಅಕಿ ಸತ್ತಿಲ್ಲ. ಆ ಸೀರಿ ಬ್ಯಾರೆ ಯಾರದೋ ಅಂತ. ಅಂಬಿಗರು ಎತ್ತಿ ಉಳಿಸ್ಯಾರ." ಅಷ್ಟು ಹೇಳಿ ಅವರೇ ಅಳತೊಡಗಿದರು.

ನನಗೆ ಆ ಪತ್ರಿಕೆಯನ್ನು ಕಸಿದು ಒಲೆಗೆ ಹಾಕಬೇಕೆನ್ನಿಸಿತು. ಅದನ್ನು ಬರೆದವರು ಯಾರೋ, ಎಲ್ಲಿರುವರೋ, ಅವಳನ್ನು ಮುಳುಗಿಸಲು ಒಂದೆರಡು ತಿಂಗಳು ತಾಳಿದ್ದರೆ ಏನು ಹೋಗುತ್ತಿತ್ತು ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡಳು. ಅಂಬಿಗರ ಗುಡಿಸಲಲ್ಲಿ ಕಂಬಳಿ ಹೊದ್ದು ಕಣ್ಣು ತೆರೆದ ಹುಡುಗಿಯ ಚಿತ್ರ ಹಾಕಿದ್ದರು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು.

"ಓದು."

"ಬ್ಯಾಡವ್ವ."

"ಓದು. ಅಕಿಯಾದ್ರೂ ಬದುಕ್ಲಿ."

ಅವ್ವ ಸುಮಿತ್ರಾಬಾಯಿಯನ್ನು ಒಳಗೆ ಕರೆದು ಮಣೆ ಹಾಕಿದಳು. ನಾನು ಒಲೆಯ ಮುಂದೆ ಕೂತು ಓದಲು ಶುರುಮಾಡಿದೆ. ಹೆಸರು ಬಂದಾಗ ನನ್ನ ದನಿ ನಿಂತುಹೋಯಿತು. ಅವ್ವ ತಾನೇ ಆ ಹೆಸರನ್ನು ಹೇಳಿದಳು, ಒಂದು ಅಕ್ಷರವೂ ತಪ್ಪದೆ. ನಾನು ಅದರ ಮುಂದಿನದನ್ನು ಓದಿದೆ. ಆ ಕಂತು ಮುಗಿಯುವವರೆಗೂ ಹೆಸರು ಬಂದಲ್ಲೆಲ್ಲ ನಾನು ನಿಲ್ಲಿಸಿದೆ, ಅವ್ವ ಹೇಳಿದಳು.